ಒಂದು ಪೆನ್ನಿಯ ಹಾಡು: ಇಂಗ್ಲೆಂಡಿನ ಬೀದಿ ಬ್ಯಾಲಡ್ ಹಾಳೆಯನ್ನು ಓದುವ ಬಗೆ

[ತೆರೆಯ ಮೇಲೆ: 17ನೇ ಶತಮಾನದ ಒಂದು ಬ್ಯಾಲಡ್ ಹಾಳೆ. ಅಡ್ಡವಾಗಿ ಹಿಡಿದ ಅಗಲ ಕಾಗದ, ಮೇಲೆ ಚಿತ್ರಗಳು, ಕೆಳಗೆ ದಟ್ಟ ಕಪ್ಪಕ್ಷರದ ಅಂಕಣಗಳು]

ಈ ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ. ಇದರಲ್ಲಿರುವುದು ಬ್ಯಾಲಡ್, ಅಂದರೆ ಕಥೆ ಹೇಳುವ ಹಾಡು, ಆದರೆ ಸ್ವರಲಿಪಿ ಇಲ್ಲ. ಚಿತ್ರ ಇದೆ, ಆದರೆ ಕಥೆಗೂ ಅದಕ್ಕೂ ಸಂಬಂಧ ಕಾಣುವುದಿಲ್ಲ. ಇಸವಿಯಂತೂ ಎಲ್ಲೂ ಇಲ್ಲ. ಈ ಮೂರಕ್ಕೂ ಕಾರಣ ಒಂದೇ: ಬೆಲೆ. ಬೀದಿಯಲ್ಲಿ ನಿಂತು ಹಾಡಿ, ಕೇಳಿದವರಿಗೆ ಒಂದು ಪೆನ್ನಿಗೆ, ಅಂದರೆ ಪೌಂಡಿನ 240ನೇ ಒಂದು ಭಾಗಕ್ಕೆ, ಮಾರಬೇಕಾದ ಸರಕು ಇದು. ಒಂದೇ ಬದಿ ಅಚ್ಚಾದ ಇಂಥ ಹಾಳೆಗೆ ಬ್ರಾಡ್‌ಸೈಡ್ ಎಂದು ಹೆಸರು. ಹಿಂಬದಿ ಖಾಲಿ ಇದ್ದರೆ ಗೋಡೆಗೆ ಅಂಟಿಸಬಹುದು. ಹೆಂಡದಂಗಡಿಗಳ ಗೋಡೆಗಳ ಮೇಲೆ ಇವು ಹಾಗೇ ಇರುತ್ತಿದ್ದವು.

ಮೊದಲು ಶೀರ್ಷಿಕೆಯ ಕೆಳಗಿನ ಸಣ್ಣ ಸಾಲು ನೋಡೋಣ.

[ತೆರೆಯ ಮೇಲೆ: ಆ ಸಾಲು ಹತ್ತಿರದಿಂದ]

ಅಲ್ಲಿ ಬರೆದಿರುವುದು ಇಷ್ಟೇ: ಇಂಥ ಮಟ್ಟಿನಲ್ಲಿ ಹಾಡಿಕೊಳ್ಳಿ. ನಮ್ಮ ಹಳೆಯ ನಾಟಕ ಕಂಪನಿಗಳ ಪದ್ಯದ ಪುಸ್ತಕಗಳಲ್ಲಿ ‘ಎಂಬ ಮಟ್ಟು’ ಎಂದು ಅಚ್ಚಾಗುತ್ತಿದ್ದದ್ದು ನೆನಪಾಯಿತೇ? ಕೆಲಸ ಅದೇ. ಕೊಳ್ಳುವವನಿಗೆ ಸ್ವರಲಿಪಿ ಓದಲು ಬಾರದು, ಮಟ್ಟು ಮಾತ್ರ ಅವನ ಬಾಯಲ್ಲಿದೆ. ಹೀಗಾಗಿ ಮುದ್ರಕ ಹೆಸರು ಹೇಳಿ ಸುಮ್ಮನಾಗುತ್ತಾನೆ. 17ನೇ ಶತಮಾನದ ಕೊನೆಗೆ ಕೆಲವು ಹಾಳೆಗಳ ಮೇಲೆ ಐದು ಗೆರೆಗಳ ಸ್ವರಲಿಪಿ ಕಾಣಿಸಿಕೊಳ್ಳುತ್ತದೆ. ಅದನ್ನು ನಂಬಿ ವಾದ್ಯ ಹಿಡಿಯಬೇಡಿ. ಎಷ್ಟೋ ಕಡೆ ಅದು ಅಲಂಕಾರಕ್ಕೆ ಇಟ್ಟದ್ದು, ನುಡಿಸಿದರೆ ಯಾವ ರಾಗವೂ ಹೊರಡುವುದಿಲ್ಲ.

ಒಂದು ಮಟ್ಟಿಗೆ ನೂರು ಹಾಡು ಕೂರುವುದು ಹೇಗೆ? ಛಂದಸ್ಸಿನಿಂದ. ಬ್ಯಾಲಡ್ಡಿನ ಅತಿ ಸಾಮಾನ್ಯ ಚೌಪದಿಯಲ್ಲಿ ಸಾಲುಗಳ ಪೆಟ್ಟು ನಾಲ್ಕು, ಮೂರು, ನಾಲ್ಕು, ಮೂರು. ಪ್ರಾಸ ಎರಡನೆಯ ಮತ್ತು ನಾಲ್ಕನೆಯ ಸಾಲಿಗೆ. ಲಘು ಗುರು ಹಾಕಿ ಮಾತ್ರೆ ಎಣಿಸಿ ಪಳಗಿದ ಕನ್ನಡದ ಕಿವಿ ಇಲ್ಲಿ ಎಡವುತ್ತದೆ. ಎಣಿಸಬೇಕಾದದ್ದು ಒತ್ತಿ ಹೇಳುವ ಪೆಟ್ಟುಗಳನ್ನು. ನಡುವೆ ಒಂದೆರಡು ಅಕ್ಷರ ಹೆಚ್ಚಾದರೂ ಹಾಡುವವನು ನುಂಗಿಬಿಡುತ್ತಾನೆ.

ಮಟ್ಟಿಗೆ ಅದರದೇ ವಾಸನೆಯೂ ಇತ್ತು. ‘ಫಾರ್ಚ್ಯೂನ್ ಮೈ ಫೋ’ ಎಂಬ ನಿಧಾನದ ಮಟ್ಟಿನಲ್ಲಿ ಗಲ್ಲಿಗೇರುವವರ ಪಶ್ಚಾತ್ತಾಪದ ಹಾಡುಗಳು ಎಷ್ಟು ಬಂದವೆಂದರೆ, ಅದಕ್ಕೆ ನೇಣಿನ ಮಟ್ಟು ಎಂದೇ ಹೆಸರು ಬಿತ್ತು. ಮೊದಲ ಸಾಲು ಕಿವಿಗೆ ಬಿದ್ದೊಡನೆ, ಪದ ಕೇಳಿಸುವ ಮುಂಚೆಯೇ, ಸಂತೆಯಲ್ಲಿದ್ದವರಿಗೆ ವಿಷಯ ಗೊತ್ತಾಗುತ್ತಿತ್ತು. ಒಂದು ತೊಡಕು ಮಾತ್ರ ಇದೆ. ಹೊಸ ಹಾಡು ಜನಪ್ರಿಯವಾದರೆ ಹಳೆಯ ಮಟ್ಟು ಆ ಹೊಸ ಹಾಡಿನ ಹೆಸರಿನಲ್ಲೇ ಓಡಾಡತೊಡಗುತ್ತದೆ. ಎರಡು ಹಾಳೆಗಳಲ್ಲಿ ಎರಡು ಹೆಸರು ಇದ್ದ ಮಾತ್ರಕ್ಕೆ ಎರಡು ಮಟ್ಟು ಎಂದುಕೊಳ್ಳಬಾರದು.

[ತೆರೆಯ ಮೇಲೆ: ಮರದಚ್ಚು, ಪಕ್ಕದಲ್ಲಿ ಸೀಸದ ಮೊಳೆಗಳು, ಎರಡರ ಎತ್ತರ ಸಮ]

ಈಗ ಚಿತ್ರ. ಇದು ಮರದಚ್ಚು. ಹಲಗೆಯ ಮೇಲೆ ಚಿತ್ರ ಬರೆದು, ಗೆರೆಗಳನ್ನು ಉಳಿಸಿ ಮಿಕ್ಕ ಮರವನ್ನು ಕೆತ್ತಿ ತೆಗೆಯುತ್ತಾರೆ. ಎತ್ತರ ಅಕ್ಷರದ ಮೊಳೆಯಷ್ಟೇ ಇರಬೇಕು. ಹಾಗಿದ್ದರೆ ಮೊಳೆಗಳ ಜೊತೆಗೇ ಚೌಕಟ್ಟಿನಲ್ಲಿ ಬಿಗಿದು ಒಂದೇ ಎಳೆತಕ್ಕೆ ಚಿತ್ರವೂ ಅಕ್ಷರವೂ ಬೀಳುತ್ತವೆ. ತಗ್ಗಾಗಿದ್ದರೆ ಚಿತ್ರ ಮಸುಕು; ಎತ್ತರವಾದರೆ ಸುತ್ತಲಿನ ಅಕ್ಷರಗಳೇ ಮೂಡುವುದಿಲ್ಲ. ಕೆತ್ತನೆ ನಿಧಾನದ, ದುಬಾರಿಯ ಕೆಲಸ. ಆದ್ದರಿಂದ ಒಬ್ಬ ಅಂಗಡಿಯವ ತನ್ನಲ್ಲಿರುವ ರಾಜ, ಪ್ರೇಮಿ, ಹಡಗು, ನೇಣುಗಂಬಗಳನ್ನೇ ಮತ್ತೆ ಮತ್ತೆ ಬಳಸುತ್ತಾನೆ. ಇದನ್ನು ಬರಿಯ ಸೋಮಾರಿತನ ಎನ್ನುವುದು ತಪ್ಪು. ಹಿಂದಿನ ಹಾಳೆಯಲ್ಲಿ ಮೋಸ ಮಾಡಿದ ಪ್ರೇಮಿಯಾಗಿದ್ದ ಅದೇ ಟೋಪಿಯ ಗಂಡಸು ಈ ಹಾಳೆಯಲ್ಲಿ ಬಂದಾಗ, ಓದು ಬಾರದ ಗಿರಾಕಿಗೂ ಅವನು ಪರಿಚಿತ ಮುಖ.

ಮರುಬಳಕೆಯೇ ನಮಗೆ ಒಂದು ಗಡಿಯಾರವನ್ನೂ ಕೊಟ್ಟಿದೆ. ಮರಕ್ಕೆ ಹುಳು ಹಿಡಿಯುತ್ತದೆ, ಒಣಗಿ ಸೀಳುತ್ತದೆ. ಹುಳು ಕೊರೆದ ತೂತಿಗೆ ಶಾಯಿ ಹತ್ತುವುದಿಲ್ಲ. ಅಚ್ಚಿನಲ್ಲಿ ಗುಂಡನೆಯ ಬಿಳಿ ಚುಕ್ಕೆ ಬೀಳುತ್ತದೆ. ತೂತು ತಾನಾಗಿ ಮುಚ್ಚದು. ಒಂದೇ ಅಚ್ಚಿನ ಎರಡು ಹಾಳೆಗಳಿದ್ದರೆ ಚುಕ್ಕೆ ಕಡಿಮೆ ಇರುವುದೇ ಸಾಮಾನ್ಯವಾಗಿ ಮೊದಲಿನದು. ಎಚ್ಚರ ವಹಿಸಬೇಕಾದದ್ದು ನಕಲು ಅಚ್ಚಿನ ಬಗ್ಗೆ. ಅಚ್ಚಾದ ಚಿತ್ರವನ್ನೇ ಮರಕ್ಕೆ ಇಳಿಸಿ ಕೆತ್ತಿದರೆ ಮುದ್ರಣದಲ್ಲಿ ಎಡಬಲ ತಿರುಗುತ್ತದೆ. ಕತ್ತಿ ಎಡಗೈಗೆ ಬಂದಿದ್ದರೆ ಅನುಮಾನಪಡಿ. ಅಲ್ಲಿ ಚುಕ್ಕೆ ಎಣಿಸಿ ಪ್ರಯೋಜನವಿಲ್ಲ, ಮರವೇ ಬೇರೆ.

[ತೆರೆಯ ಮೇಲೆ: ಮರದ ಕೈಮುದ್ರಣ ಯಂತ್ರ, ಇಬ್ಬರು ಕೆಲಸಗಾರರು]

ಮುದ್ರಿಸುವ ಕೆಲಸಕ್ಕೆ ಇಬ್ಬರು. ಕಾಗದವನ್ನು ಮೊದಲೇ ತೇವ ಮಾಡಿಟ್ಟಿರುತ್ತಾರೆ. ಬಟ್ಟೆಯ ಚಿಂದಿಯಿಂದ ಮಾಡಿದ ಕಾಗದ ಒಣಗಿದ್ದರೆ ಶಾಯಿಯನ್ನು ಸರಿಯಾಗಿ ಹಿಡಿಯುವುದಿಲ್ಲ. ಒಬ್ಬ ಚರ್ಮದ ಉಂಡೆಗಳಿಂದ ಶಾಯಿ ಬಡಿಯುತ್ತಾನೆ, ಇನ್ನೊಬ್ಬ ಸನ್ನೆ ಎಳೆಯುತ್ತಾನೆ. ಗಂಟೆಗೆ 250 ಎಳೆತ ಎಂಬುದು ಆ ಕಾಲದ ಕಸುಬಿನ ಲೆಕ್ಕ. ಒಂದು ಹಾಳೆಯ ಮೇಲೆ ಎರಡು ಹಾಡು ಹೂಡಿ ಆಮೇಲೆ ಕತ್ತರಿಸಿದರೆ ಅದೇ ಎಳೆತಕ್ಕೆ ಎರಡರಷ್ಟು ಮಾಲು. 18ನೇ ಶತಮಾನದ ಉದ್ದನೆಯ ಕಿರಿದಾದ ಹಾಡಿನ ಚೀಟಿಗಳು ಬಂದದ್ದು ಹೀಗೇ. ಅಂಚು ಓರೆಯಾಗಿ, ಕೊನೆಯ ಅಕ್ಷರ ತುಂಡಾಗಿರುವುದು ಕತ್ತರಿಯ ಅವಸರದ ಗುರುತು. ‘ಎನ್’ ಸಾಲದಾದಾಗ ‘ಯು’ ಮೊಳೆಯನ್ನೇ ತಲೆಕೆಳಗಾಗಿ ಇಟ್ಟಿರುವುದೂ ಸಿಗುತ್ತದೆ.

[ತೆರೆಯ ಮೇಲೆ: ಲಂಡನ್ನಿನ ಸೆವೆನ್ ಡಯಲ್ಸ್ ನಕ್ಷೆ]

19ನೇ ಶತಮಾನದ ಮೊದಲ ಭಾಗದಲ್ಲಿ ಈ ವ್ಯಾಪಾರದ ಎದೆ ಇದ್ದದ್ದು ಲಂಡನ್ನಿನ ಸೆವೆನ್ ಡಯಲ್ಸ್‌ನಲ್ಲಿ. ಅಲ್ಲಿ ಜಾನ್ ಪಿಟ್ಸ್ ಮತ್ತು ಜೇಮ್ಸ್ ಕ್ಯಾಟ್ನಾಕ್ ಎಂಬ ಮುದ್ರಕರು ಎದುರಾಳಿಗಳು. ಕ್ಯಾಟ್ನಾಕ್ 1813ರಲ್ಲಿ ಮನ್ಮತ್ ಕೋರ್ಟ್ ಎಂಬ ಓಣಿಯಲ್ಲಿ ಅಂಗಡಿ ಹಾಕಿದ. ಹಾಡು ಕಟ್ಟಿಕೊಟ್ಟವನಿಗೆ ಸಿಗುತ್ತಿದ್ದ ಸಾಮಾನ್ಯ ಕೂಲಿ ಒಂದು ಶಿಲ್ಲಿಂಗ್, ಅಂದರೆ 12 ಪೆನ್ನಿ. ಹಾಡು ಎಷ್ಟೇ ಬಿಕರಿಯಾದರೂ ಅಷ್ಟೇ. ಮಾರಾಟಗಾರರಲ್ಲಿಯೂ ಬಗೆಗಳಿದ್ದವು: ಹಾಡಿ ಮಾರುವವರು, ಕೊಲೆ ಸುದ್ದಿಯನ್ನು ಕೂಗಿ ಬಣ್ಣಿಸಿ ಮಾರುವವರು, ಗೋಡೆಗೆ ಸಾಲಾಗಿ ಸಿಕ್ಕಿಸಿ ಮಾರುವವರು, ಉದ್ದ ಕೋಲಿಗೆ ಹಾಳೆಗಳನ್ನು ಇಳಿಬಿಟ್ಟು ‘ಪೆನ್ನಿಗೆ ಮೂರು ಗಜ ಹಾಡು’ ಎಂದು ಕೂಗುವವರು.

ಇಲ್ಲೊಂದು ಅಂಕಿಯನ್ನು ಪರೀಕ್ಷಿಸಲೇಬೇಕು. ಬೀದಿ ವ್ಯಾಪಾರಿಗಳನ್ನು ಮಾತಾಡಿಸಿ ಬರೆದ ಹೆನ್ರಿ ಮೇಹ್ಯೂ, 1849ರಲ್ಲಿ ನೇಣಿಗೇರಿದ ಮ್ಯಾನಿಂಗ್ ದಂಪತಿಯ ಹಾಳೆಗಳು 25 ಲಕ್ಷ ಮಾರಾಟವಾದವು ಎಂಬ ಲೆಕ್ಕ ಕೊಡುತ್ತಾನೆ. ಗಂಟೆಗೆ 250ರಂತೆ ದಿನಕ್ಕೆ 12 ಗಂಟೆ ಎಳೆದರೆ 3,000. 25 ಲಕ್ಷಕ್ಕೆ ಒಂದು ಯಂತ್ರಕ್ಕೆ 833 ದಿನ ಬೇಕು. ಹಾಳೆಗೆ ಎರಡು ಪ್ರತಿಯಂತೆ ಹತ್ತು ಯಂತ್ರ ಹೂಡಿದರೂ ಆರು ವಾರ. ಅಷ್ಟರಲ್ಲಿ ಕಬ್ಬಿಣದ ವೇಗದ ಯಂತ್ರಗಳು ಬಂದಿದ್ದವು, ಊರೂರಿನಲ್ಲಿ ಮುದ್ರಕರಿದ್ದರು, ನಿಜ. ಆದರೂ ಅದನ್ನು ಮಾರಾಟಗಾರರ ಅಂದಾಜು ಎಂದು ಓದಿ, ಎಣಿಕೆ ಎಂದಲ್ಲ.

[ತೆರೆಯ ಮೇಲೆ: ಹಾಳೆಯ ಅಡಿಭಾಗ, ಮುದ್ರಕನ ಹೆಸರು ಮತ್ತು ವಿಳಾಸ]

ಇಸವಿಯಿಲ್ಲದ ಹಾಳೆಗೆ ಕಾಲ ಕಟ್ಟುವುದು ಹೇಗೆ? ಅಕ್ಷರದಿಂದ ಶುರು ಮಾಡಿ. ಗಾಥಿಕ್ ಕಪ್ಪಕ್ಷರವಾದರೆ ಬಹುಮಟ್ಟಿಗೆ 1700ಕ್ಕೆ ಮುಂಚೆ. ಮಕ್ಕಳು ಅಕ್ಷರ ಕಲಿಯುತ್ತಿದ್ದದ್ದು ಅದರಲ್ಲೇ ಆದ್ದರಿಂದ ಅಗ್ಗದ ಅಚ್ಚಿನಲ್ಲಿ ಅದು ಬಹಳ ಕಾಲ ಉಳಿಯಿತು. ರೋಮನ್ ಅಕ್ಷರವಿದ್ದು, ‘ಎಫ್’ನಂತೆ ಕಾಣುವ ಉದ್ದ ‘ಎಸ್’ ಇದ್ದರೆ ಸುಮಾರು 1800ರೊಳಗೆ. ಆಮೇಲೆ ಅಡಿಬರಹ ನೋಡಿ. ಮುದ್ರಕ ತನ್ನ ಹೆಸರು, ವಿಳಾಸ ಹಾಕಲೇಬೇಕೆಂದು 1799ರ ಕಾನೂನು ವಿಧಿಸಿತು. ಆದ್ದರಿಂದ 19ನೇ ಶತಮಾನದ ಹಾಳೆಗೆ ವಿಳಾಸವೇ ಪಂಚಾಂಗ. ಪಿಟ್ಸ್ 1819ರಲ್ಲಿ ಗ್ರೇಟ್ ಸೇಂಟ್ ಆಂಡ್ರೂ ಸ್ಟ್ರೀಟ್‌ನ 14ನೇ ಮನೆಯಿಂದ 6ನೆಯದಕ್ಕೆ ಬಂದ; ಮನೆ ಸಂಖ್ಯೆ ಓದಿದರೆ ಸಾಕು. ಮನ್ಮತ್ ಕೋರ್ಟ್ ಎಂದಿದ್ದರೆ ಮಾತ್ರ ಆತುರಪಡಬೇಡಿ. ಕ್ಯಾಟ್ನಾಕ್ ನಂತರ ರೈಲ್, ಫೋರ್ಟಿ ಹೆಸರುಗಳಲ್ಲಿ ಅದೇ ಜಾಗದಿಂದ ಹಾಡುಗಳು ಹೊರಬಿದ್ದವು. ವಿಳಾಸದ ಜೊತೆ ಹೆಸರೂ ಬೇಕು.

ಹಾಡಿನೊಳಗಿನ ಘಟನೆಯಿಂದ ಕಾಲ ನಿರ್ಧರಿಸುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಯುದ್ಧ ಮುಗಿದು ದಶಕಗಳಾದರೂ ಹಾಡು ಮರುಮುದ್ರಣವಾಗುತ್ತಲೇ ಇತ್ತು. ಘಟನೆ ಹೇಳುವುದು ‘ಇದಕ್ಕಿಂತ ಮುಂಚೆ ಅಲ್ಲ’ ಎಂದಷ್ಟೇ. ಅಡಿಬರಹವೇ ಇಲ್ಲದಿದ್ದರೆ ಸಂಗ್ರಾಹಕರು ಕತ್ತರಿಸಿರಲೂಬಹುದು. ಸ್ಯಾಮ್ಯುಯೆಲ್ ಪೀಪ್ಸ್ ಕೂಡಿಟ್ಟ 1,800ಕ್ಕೂ ಹೆಚ್ಚು ಬ್ಯಾಲಡ್‌ಗಳು ಕೇಂಬ್ರಿಡ್ಜಿನ ಮ್ಯಾಗ್ಡಲಿನ್ ಕಾಲೇಜಿನ ಐದು ಸಂಪುಟಗಳಲ್ಲಿವೆ. ಪುಟಕ್ಕೆ ಹೊಂದಿಸಲು ಅವುಗಳನ್ನು ಕತ್ತರಿಸಿ ಅಂಟಿಸಲಾಗಿದೆ. ಆದರೂ ಆ ಕತ್ತರಿಯ ಮೇಲೆ ಸಿಟ್ಟು ಬರುವುದಿಲ್ಲ. ಉಳಿದ ಹಾಳೆಗಳಲ್ಲಿ ಎಷ್ಟೋ ತಿಂಡಿ ಕಟ್ಟಲು, ಪೆಟ್ಟಿಗೆಗೆ ಹಾಸಲು ಹೋದವು.

[ತೆರೆಯ ಮೇಲೆ: ಹುಡುಕಾಟದ ಪುಟ]

ನೀವೇ ನೋಡಬೇಕೆಂದರೆ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದ ಸುಮಾರು 30,000 ಹಾಳೆಗಳು ಅಂತರ್ಜಾಲದಲ್ಲಿ ಉಚಿತವಾಗಿವೆ. ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಹಾಳೆಯ ಜೊತೆ ಹಾಡಿದ ಧ್ವನಿಯೂ ಸಿಗುತ್ತದೆ. ಶೀರ್ಷಿಕೆ ಹಾಕಿ ಹುಡುಕಬೇಡಿ, ಮುದ್ರಕರು ಅದನ್ನು ಮನಬಂದಂತೆ ಬದಲಿಸುತ್ತಿದ್ದರು. ಮೊದಲ ಸಾಲು ಹಾಕಿ. ಸಿಕ್ಕಿದ ಹಾಡಿಗೆ ರೌಡ್ ಸಂಖ್ಯೆ, ಅಂದರೆ ಜನಪದ ಹಾಡುಗಳ ರೌಡ್ ಸೂಚಿಯ ಸಂಖ್ಯೆ, ಇದ್ದರೆ ಬರೆದುಕೊಳ್ಳಿ. ಹೆಸರು ಎಷ್ಟೇ ಬದಲಾದರೂ ಆ ಹಾಡಿನ ಎಲ್ಲ ರೂಪಗಳಿಗೂ ಒಂದೇ ಸಂಖ್ಯೆ. ಅದನ್ನು ಹಿಡಿದು ಎರಡು ಪ್ರತಿಗಳನ್ನು ಪಕ್ಕಪಕ್ಕ ತೆರೆದು, ಚಿತ್ರವನ್ನು ಹಿಗ್ಗಿಸಿ, ಬಿಳಿ ಚುಕ್ಕೆಗಳನ್ನು ಎಣಿಸಲು ಶುರು ಮಾಡಿ.