ಕ್ಯೂಓ-100 ಕೇಳಿಸ್ತಿಲ್ವಾ? ಡಾಂಗಲ್‌ಗೆ ಬೈಬೇಡಿ, ಎಲ್‌ಎನ್‌ಬಿ ತಿರುಗಿಸಿ

ನಮಸ್ಕಾರ. ಹ್ಯಾಮ್ (ಹವ್ಯಾಸಿ ರೇಡಿಯೋ) ಉಪಗ್ರಹ ಅಂದ ತಕ್ಷಣ ಮೀನಿನ ಮುಳ್ಳಿನಂಥ ಯಾಗಿ ಆಂಟೆನಾ ಹಿಡಿದು ತಾರಸಿ ಮೇಲೆ ಸುತ್ತು ಹೊಡೆಯೋ ಚಿತ್ರ ಕಣ್ಮುಂದೆ ಬರುತ್ತೆ. ನಮ್ಮ ಬೆಂಗಳೂರಲ್ಲೇ ತಯಾರಾಗಿ 2005ರ ಮೇ 5ರಂದು ಹಾರಿದ ಹ್ಯಾಮ್‌ಸ್ಯಾಟ್ ಕೂಡ ಹಾಗೇ ಇತ್ತು: ಕಾಲು ಗಂಟೆಯೊಳಗೆ ಬಂದು ಹೋಗಿಬಿಡ್ತಿತ್ತು. ಹೊಸಬರಿಗೆ ಆ ಓಡಾಟ ಬೇಡ ಅನ್ನೋದು ನನ್ನ ಮಾತು. ಕ್ಯೂಓ-100 ಅನ್ನೋ ಹ್ಯಾಮ್ ಉಪಗ್ರಹ ಇದೆ, 2018ರ ನವೆಂಬರ್‌ನಲ್ಲಿ ಹಾರಿದ್ದು, ಪೂರ್ವ 26 ಡಿಗ್ರಿ ರೇಖಾಂಶದ ಮೇಲೆ ಒಂದೇ ಕಡೆ ನಿಂತಿದೆ. ಮೂಲೆಗೆ ಬಿದ್ದಿರೋ 60 ಸೆಂಟಿಮೀಟರ್ ಡಿಟಿಎಚ್ ಡಿಶ್ ಸಾಕು.

ಬೆಂಗಳೂರಿಂದ ನೋಡಿದ್ರೆ ಅದು ದಿಕ್ಸೂಚಿಯ 260 ಡಿಗ್ರಿಗೆ, ಅಂದ್ರೆ ಪಶ್ಚಿಮಕ್ಕಿಂತ ಸ್ವಲ್ಪ ದಕ್ಷಿಣಕ್ಕೆ, ಸುಮಾರು 30 ಡಿಗ್ರಿ ಎತ್ತರದಲ್ಲಿ. ಇದು ಆಫ್‌ಸೆಟ್ ಡಿಶ್, ಅಂದ್ರೆ ಸಿಗ್ನಲ್ ಅದರ ಮೇಲೆ ಓರೆಯಾಗಿ ಬೀಳುತ್ತೆ. ಆದ್ದರಿಂದ ಮುಖ ಮೇಲಕ್ಕೆ ಮಾಡಬೇಡಿ. ಗೋಡೆಗೆ ಒರಗಿಸಿಟ್ಟ ಮೊರದ ಹಾಗೆ ಹೆಚ್ಚುಕಮ್ಮಿ ನೆಟ್ಟಗೆ ನಿಲ್ಲಬೇಕು. ಎದುರಿಗೆ ತೆಂಗಿನ ಗರಿ ಇದ್ರೆ ಜಾಗ ಬದಲಾಯಿಸಿ, ಈ ಉಪಗ್ರಹದ 10 ಗಿಗಾಹರ್ಟ್ಸ್ ಸಿಗ್ನಲ್‌ಗೆ ಅದು ಗೋಡೆ ಇದ್ದ ಹಾಗೆ.

ಡಿಶ್ ಮುಂದಿನ ತೋಳಿನ ತುದಿಯಲ್ಲಿರೋದು ಎಲ್‌ಎನ್‌ಬಿ; ಸಿಗ್ನಲ್ ಹಿಡಿದು, ವರ್ಧಿಸಿ, ಅದರ ಆವರ್ತನವನ್ನ ಇಳಿಸಿ ಕೊಡುತ್ತೆ. ಅದರ ಮೇಲೆ 9750/10600 (ಎಷ್ಟು ಮೆಗಾಹರ್ಟ್ಸ್ ಇಳಿಸುತ್ತೆ) ಅಂತ ಬರೆದಿರಬೇಕು. ಬರೀ 10600 ಇದ್ರೆ ಬಿಡಿ. ಉಪಗ್ರಹದ ಬೀಕನ್ (ಗುರುತಿಗೆ ಅಂತ ಸದಾ ಬರ್ತಿರೋ ಸಿಗ್ನಲ್) ಇರೋ 10489.75ರಲ್ಲಿ 9750 ಕಳೆದ್ರೆ 739.75 ಮೆಗಾಹರ್ಟ್ಸ್, ಸಾಮಾನ್ಯ ಆರ್‌ಟಿಎಲ್ ಡಾಂಗಲ್ (ಕಂಪ್ಯೂಟರ್‌ಗೆ ಸಿಕ್ಕಿಸೋ ಪುಟ್ಟ ರೇಡಿಯೋ ರಿಸೀವರ್) ಅದನ್ನ ಆರಾಮಾಗಿ ಹಿಡಿಯುತ್ತೆ. ಆದರೆ ಡಾಂಗಲ್‌ನ ಬಯಾಸ್-ಟೀ (ಸಿಗ್ನಲ್ ಕೇಬಲ್‌ನಲ್ಲೇ ಕರೆಂಟ್ ಕಳಿಸೋ ಸೌಲಭ್ಯ) ಕೊಡೋದು 4.5 ವೋಲ್ಟ್, ಎಲ್‌ಎನ್‌ಬಿಗೆ ಅದು ಸಾಲದು. ಬೇರೆ ಪವರ್ ಇನ್ಸರ್ಟರ್ (ಕೇಬಲ್‌ಗೆ ಹೊರಗಿಂದ ಕರೆಂಟ್ ಸೇರಿಸೋ ಸಾಧನ) ಹಾಕಿ, ಆ ವೋಲ್ಟೇಜ್ ಡಾಂಗಲ್ ಕಡೆ ಹೋಗದ ಹಾಗೆ ಡಿಸಿ ಬ್ಲಾಕ್ (ಸಿಗ್ನಲ್ ಬಿಟ್ಟು ಕರೆಂಟ್ ಮಾತ್ರ ತಡೆಯೋ ತುಣುಕು) ಇಡಿ. ಮರೆತ್ರೆ ಡಾಂಗಲ್ ಸುಡುತ್ತೆ.

ಈಗ ನನ್ನ ತಕರಾರು. ಇಂಟರ್ನೆಟ್‌ನಲ್ಲಿರೋ ಗೈಡ್‌ಗಳಲ್ಲಿ ಹೆಚ್ಚಿನವು ಯುರೋಪಿನವರದ್ದು. "13 ವೋಲ್ಟ್ ಕೊಡಿ, ವರ್ಟಿಕಲ್ ಸಿಗುತ್ತೆ, ಸ್ವಲ್ಪ ತಿರುಗಿಸಿ" ಅಂತಾರೆ. ರೇಡಿಯೋ ಅಲೆ ನೆಟ್ಟಗೆ (ವರ್ಟಿಕಲ್) ಇಲ್ಲಾ ಅಡ್ಡಡ್ಡ (ಹಾರಿಜಾಂಟಲ್) ಕಂಪಿಸುತ್ತೆ; ಎಲ್‌ಎನ್‌ಬಿ 13 ವೋಲ್ಟ್‌ಗೆ ಮೊದಲನೆಯದನ್ನ, 18ಕ್ಕೆ ಎರಡನೆಯದನ್ನ ಹಿಡಿಯುತ್ತೆ. ಈ ಬೀಕನ್ ವರ್ಟಿಕಲ್. ಜರ್ಮನಿಯಲ್ಲಿ ಆ "ಸ್ವಲ್ಪ" ಹತ್ತು-ಹದಿನೈದು ಡಿಗ್ರಿ. ಬೆಂಗಳೂರಲ್ಲಿ ಅದು 74 ಡಿಗ್ರಿ! ನಾವು ಭೂಮಧ್ಯರೇಖೆಗೆ ಹತ್ತಿರ, ಉಪಗ್ರಹ ದೂರದ ಪಶ್ಚಿಮದಲ್ಲಿ. ಅದರ ವರ್ಟಿಕಲ್ ನಮಗೆ ಹೆಚ್ಚುಕಮ್ಮಿ ಮಲಗಿದ ಹಾಗೇ ಬರುತ್ತೆ. ಎಲ್‌ಎನ್‌ಬಿ ನೆಟ್ಟಗಿಟ್ಟು 13 ವೋಲ್ಟ್ ಕೊಟ್ರೆ 11 ಡೆಸಿಬೆಲ್, ಅಂದ್ರೆ ಸಿಗ್ನಲ್‌ನ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು, ನೀರುಪಾಲು. ಆಮೇಲೆ ಡಾಂಗಲ್ ಸರಿಯಿಲ್ಲ ಅಂತ ಇನ್ನೊಂದು ಕೊಳ್ತಾರೆ.

ಡಿಶ್ ಹಿಂದೆ ನಿಂತು ಉಪಗ್ರಹದ ಕಡೆ ಮುಖ ಮಾಡಿ, 13 ವೋಲ್ಟ್‌ನಲ್ಲಿ ಎಲ್‌ಎನ್‌ಬಿಯನ್ನ ಗಡಿಯಾರದ ಮುಳ್ಳಿನ ದಿಕ್ಕಿಗೆ 74 ಡಿಗ್ರಿ ತಿರುಗಿಸಿ. ಕ್ಲಾಂಪ್ ಅಷ್ಟು ತಿರುಗಲ್ವಾ? 18 ವೋಲ್ಟ್ ಕೊಟ್ಟು, ಉಲ್ಟಾ ದಿಕ್ಕಿಗೆ 16 ಡಿಗ್ರಿ ತಿರುಗಿಸಿ. ಎರಡೂ ಒಂದೇ. 18 ವೋಲ್ಟ್‌ನಲ್ಲಿ ತಿರುಗಿಸದೇ ಬಿಟ್ರೂ ಅರ್ಧ ಡೆಸಿಬೆಲ್ ಕೂಡ ಹೋಗಲ್ಲ. ಕಲಬುರಗಿಯಲ್ಲಿ 74ರ ಬದಲು 68 ಅಂದ್ಕೊಳ್ಳಿ.

ಸಿಗ್ನಲ್ ಹುಡುಕೋ ಮೊದಲು ಒಂದು ಪರೀಕ್ಷೆ: ಎಲ್‌ಎನ್‌ಬಿ ಬಾಯಿಗೆ ಅಂಗೈ ಅಡ್ಡ ಇಡಿ. ಅಂಗೈ ಸುಮಾರು 300 ಕೆಲ್ವಿನ್, ಆಕಾಶ ಅದಕ್ಕಿಂತ ಎಷ್ಟೋ ತಣ್ಣಗೆ; ಬಿಸಿ ಇದ್ದಷ್ಟೂ ರೇಡಿಯೋ ಗದ್ದಲ (ನಾಯ್ಸ್) ಹೆಚ್ಚು. ಪರದೆ ಮೇಲೆ ನಾಯ್ಸ್ ಗೆರೆ ಚಂಗನೆ ಮೇಲೇಳಬೇಕು. ಏಳದಿದ್ರೆ ಕರೆಂಟ್ ಹೋಗ್ತಿಲ್ಲ, ಇಲ್ಲಾ ಡಾಂಗಲ್ ಗೇನ್ (ವರ್ಧನೆ) ಅತಿಯಾಗಿದೆ. ಎಲ್‌ಎನ್‌ಬಿಯೇ 50 ಡೆಸಿಬೆಲ್‌ಗೂ ಮೇಲೆ ವರ್ಧಿಸುತ್ತೆ, ಗೇನ್ ಇಳಿಸಿ.

ಬೀಕನ್ ಹೇಳಿದ ಜಾಗದಲ್ಲೇ ಸಿಗುತ್ತೆ ಅಂತ ಕಾಯಬೇಡಿ. ಪಿಎಲ್‌ಎಲ್ (ಕ್ರಿಸ್ಟಲ್ ಆಧಾರದಲ್ಲಿ ಆವರ್ತನ ಹಿಡಿದಿಡೋ) ಎಲ್‌ಎನ್‌ಬಿ ಒಳಗಿನ 25 ಮೆಗಾಹರ್ಟ್ಸ್ ಕ್ರಿಸ್ಟಲ್‌ನ ತಪ್ಪು 390 ಪಟ್ಟಾಗಿ ಹೊರಗೆ ಬರುತ್ತೆ. ಬಿಸಿಲಿಗೆ ಸಿಗ್ನಲ್ ಜಾರ್ತಾನೇ ಇರುತ್ತೆ. 2 ಮೆಗಾಹರ್ಟ್ಸ್ ಅಗಲಕ್ಕೆ ವಾಟರ್‌ಫಾಲ್ (ಸಿಗ್ನಲ್‌ಗಳನ್ನ ಗೆರೆಗಳಾಗಿ ತೋರಿಸೋ ಚಿತ್ರ) ತೆರೆದು ಹುಡುಕಿ. ಇಂಗ್ಲೆಂಡಿನ ಗೂನ್‌ಹಿಲಿಯ ವೆಬ್‌ಎಸ್‌ಡಿಆರ್ (ಇಂಟರ್ನೆಟ್‌ನಲ್ಲೇ ಕೇಳಬಹುದಾದ ರಿಸೀವರ್) ಪಕ್ಕದಲ್ಲಿಟ್ಟುಕೊಂಡ್ರೆ ಯಾವ ಗೆರೆ ಯಾವುದು ಅಂತ ಹೊಂದಿಸಿ ನೋಡಬಹುದು. ಕೇಳೋದಷ್ಟೇ ಅಲ್ಲ, ಮಾತೂ ಆಡಬೇಕಾದ್ರೆ 2400 ಮೆಗಾಹರ್ಟ್ಸ್ ಟ್ರಾನ್ಸ್‌ಮಿಟರ್ ಬೇಕು, ಅದಕ್ಕೆ ಮೊದಲು ಲೈಸೆನ್ಸ್.

ಇನ್ನೊಂದು. ಮಾರ್ಚ್ ಮಧ್ಯ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ, ಸಂಜೆ ನಾಲ್ಕು–ನಾಲ್ಕೂವರೆ ನಡುವೆ, ಬೆಂಗಳೂರಿಂದ ನೋಡಿದ್ರೆ ಸೂರ್ಯ ಸರಿಯಾಗಿ ಈ ಉಪಗ್ರಹದ ಹಿಂದೆ ಹಾಯ್ತಾನೆ. ಡಿಶ್ ಅಲ್ಲಾಡಿಸಬೇಡಿ, ನಾಯ್ಸ್ ಮಟ್ಟವನ್ನ ರೆಕಾರ್ಡ್ ಮಾಡಿ. 60 ಸೆಂಟಿಮೀಟರ್ ಡಿಶ್‌ನ ಕಿರಣ (ಅದು ನೋಡೋ ಆಕಾಶದ ಅಗಲ) ಮೂರು ಡಿಗ್ರಿ ಚಿಲ್ಲರೆ, ಸೂರ್ಯ ಗಂಟೆಗೆ 15 ಡಿಗ್ರಿ. ಅದನ್ನ ದಾಟೋಕೆ ಹದಿಮೂರು ನಿಮಿಷ. ಗುಡ್ಡದ ಹಾಗೆ ಏರಿ ಇಳಿಯೋ ಗೆರೆ ಸಿಗುತ್ತೆ. ರೇಡಿಯೋ ಖಗೋಳದ ಮೊದಲ ಪಾಠ ಅದೇ ಡಿಶ್‌ನಲ್ಲಿ, ಬಿಡಿಗಾಸು ಖರ್ಚಿಲ್ಲದೆ. ಗುಡ್ಡದ ತುದಿ ಲೆಕ್ಕ ಹಾಕಿದ ಸಮಯಕ್ಕಿಂತ ನಾಲ್ಕು ನಿಮಿಷ ತಡವಾಗಿ ಬಂದ್ರೆ, ನಿಮ್ಮ ಡಿಶ್ ಒಂದು ಡಿಗ್ರಿ ಪಶ್ಚಿಮಕ್ಕೆ ವಾಲಿದೆ ಅಂತ ಅರ್ಥ. ಸ್ಪ್ಯಾನರ್ ತಗೊಳ್ಳಿ.