ಪಾರ್ಕಿನಲ್ಲಿ ಚೈನು ಬಿಚ್ಚಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಪಶುವೈದ್ಯೆ. ಬೆಂಗಳೂರಿನಲ್ಲಿ ನಾಯಿ, ಬೆಕ್ಕುಗಳಿಗೆ ಔಷಧಿ ಕೊಡುತ್ತಲೇ ಬದುಕು ಕಳೆದಿದ್ದೇನೆ. ಬೆಳಗಿನ ಹೊತ್ತು ಕೆರೆ ಕಡೆ ಹೋಗಿ ಹಕ್ಕಿ ನೋಡುವುದು ನನ್ನ ಹಳೆಯ ಹುಚ್ಚು. ನಾಯಿಯೂ ಬೇಕು, ಹಕ್ಕಿಯೂ ಬೇಕು ಅನ್ನುವವಳು ನಾನು. ಇವತ್ತು ನಿಮಗೆ ಒಂದೇ ಒಂದು ಮಾತು ಹೇಳಲು ಬಂದಿದ್ದೇನೆ. ಪಾರ್ಕಿನಲ್ಲಿ, ಕೆರೆ ದಂಡೆಯಲ್ಲಿ, ನಿಮ್ಮ ನಾಯಿಯ ಚೈನು ಬಿಚ್ಚಬೇಡಿ. ಅಷ್ಟೇ. ಬೇರೆ ಏನು ಹೇಳಿದರೂ ಕೊನೆಗೆ ಈ ಮಾತಿಗೇ ಬರುತ್ತೇನೆ.

ಇದನ್ನು ಈಗಲೇ ಯಾಕೆ ಹೇಳಬೇಕು? ಯುಗಾದಿ ಹತ್ತಿರ ಬಂತು. ಹೊಂಗೆ ಚಿಗುರುತ್ತಿದೆ. ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳು ಸಂಸಾರ ಹೂಡುವ ಕಾಲ ಇದು. ಹಕ್ಕಿಗೂಡು ಅಂದ ಕೂಡಲೇ ನಾವು ತಲೆ ಎತ್ತಿ ಮರ ನೋಡುತ್ತೇವೆ, ಅಲ್ವಾ? ಆದರೆ ಎಷ್ಟೋ ಹಕ್ಕಿಗಳಿಗೆ ಮರವೇ ಬೇಡ. ಗೌಜಲಹಕ್ಕಿ ಪೊದೆಯ ಬುಡದಲ್ಲಿ ಮೊಟ್ಟೆ ಇಡುತ್ತದೆ. ಗದ್ದೆಗುಬ್ಬಿ ಹುಲ್ಲಿನ ನಡುವೆ ಇಡುತ್ತದೆ. ನತ್ತಿಂಗ ಗೂಡು ಕಟ್ಟುವ ಗೋಜಿಗೇ ಹೋಗುವುದಿಲ್ಲ, ಬರೀ ನೆಲದ ಮೇಲೇ ಇಟ್ಟುಬಿಡುತ್ತದೆ. ಹುಂಡುಕೋಳಿ, ಜಂಬುಕೋಳಿ ಕೆರೆಯಂಚಿನ ಜೊಂಡಿನಲ್ಲಿ ಗೂಡು ಮಾಡುತ್ತವೆ. ಇವೆಲ್ಲ ಇರುವುದು ನಾಯಿಯ ಮೂಗಿನ ಎತ್ತರದಲ್ಲಿ.

ಇವುಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಟಿಟ್ಟಿಭ. ನೀವೂ ನೋಡಿರುತ್ತೀರಿ. ಕಪ್ಪು ತಲೆ, ಕಪ್ಪು ಎದೆ, ಕಣ್ಣಿನ ಮುಂದೆ ಕೆಂಪು ಚರ್ಮ, ಉದ್ದನೆಯ ಹಳದಿ ಕಾಲು. ನೋಡದಿದ್ದರೂ ಕೂಗು ಕೇಳಿಯೇ ಇರುತ್ತೀರಿ. ಕೆರೆ, ಗದ್ದೆ, ಖಾಲಿ ಸೈಟು ಎಲ್ಲಿದ್ದರೂ ಸರಿ, ರಾತ್ರಿ ಹೊತ್ತಿನಲ್ಲೂ ಗಂಟಲು ಹರಿದುಕೊಂಡು ಕೂಗುವ ಹಕ್ಕಿ ಅದು.

ನಮ್ಮ ಮನೆಗೆ ಹತ್ತಿರದ ಒಂದು ಕೆರೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಸ್ವಲ್ಪ ಉದ್ದವಾದರೂ ಕೇಳಿ. ಆ ಬೇಸಿಗೆಯಲ್ಲಿ ವಾಕಿಂಗ್ ದಾರಿಯ ಪಕ್ಕದ ಬಯಲಲ್ಲಿ ಟಿಟ್ಟಿಭದ ಜೋಡಿಯೊಂದು ಮೊಟ್ಟೆ ಇಟ್ಟಿತ್ತು. ಗೂಡು ಅಂತ ಏನೂ ಇಲ್ಲ. ಎದೆಯಿಂದ ಒತ್ತಿ ಮಾಡಿದ ಸಣ್ಣ ಗುಳಿ, ಸುತ್ತ ನಾಲ್ಕಾರು ಕಲ್ಲುಚೂರು, ಮಧ್ಯೆ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆ. ಅಲ್ಲೇ ಇದೆ ಅಂತ ಬೆರಳು ಮಾಡಿ ತೋರಿಸಿದರೂ ಜನಕ್ಕೆ ಕಾಣುತ್ತಿರಲಿಲ್ಲ.

ನಾನು ದಿನಾ ದೂರದ ಕಲ್ಲುಬೆಂಚಿನ ಮೇಲೆ ಕೂತು ದುರ್ಬೀನಿನಲ್ಲಿ ನೋಡುತ್ತಿದ್ದೆ. ಗಂಡು ಹೆಣ್ಣು ಎರಡೂ ಸರದಿ ಮೇಲೆ ಕಾವಿಗೆ ಕೂರುತ್ತಿದ್ದವು. ಬಿಸಿಲು ಏರಿದ ಮೇಲೆ ಅವು ಮಾಡುವ ಕೆಲಸ ನೋಡಬೇಕು ನೀವು! ಒಂದು ಹಕ್ಕಿ ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ಚೆನ್ನಾಗಿ ನೆನೆಸಿಕೊಳ್ಳುತ್ತದೆ. ಹಾಗೇ ವಾಪಸ್ಸು ಬಂದು ಮೊಟ್ಟೆಗಳ ಮೇಲೆ ಕೂತು ಒದ್ದೆ ಮಾಡುತ್ತದೆ. ಕಾವು ಕೊಡುವುದು ಅಂದರೆ ಬರೀ ಬಿಸಿ ಕೊಡುವುದು ಅಂತ ನಾವು ಅಂದುಕೊಂಡಿದ್ದೇವೆ. ಏಪ್ರಿಲ್ ಮಧ್ಯಾಹ್ನದಲ್ಲಿ ಮೊಟ್ಟೆಯನ್ನು ತಂಪಾಗಿ ಇಡುವುದೇ ದೊಡ್ಡ ಕೆಲಸ. ಬಿಸಿಲಿಗೆ ಬಿಟ್ಟರೆ ಒಳಗಿನ ಮರಿ ಬೆಂದುಹೋಗುತ್ತದೆ. ಹೀಗೆ ಹತ್ತಿರ ಹತ್ತಿರ ಒಂದು ತಿಂಗಳು ಆ ಎರಡು ಹಕ್ಕಿಗಳು ಸರದಿ ತಪ್ಪಿಸುವಂತಿಲ್ಲ.

ಅಲ್ಲಿಗೆ ಒಬ್ಬರು ಗೋಲ್ಡನ್ ರಿಟ್ರೀವರ್ ನಾಯಿ ಕರೆದುಕೊಂಡು ಬರುತ್ತಿದ್ದರು. ಮುದ್ದಾದ ನಾಯಿ, ಯಾರನ್ನೂ ಕಚ್ಚುವುದಿಲ್ಲ. ಗೇಟು ದಾಟಿದ ಕೂಡಲೇ ಚೈನು ಬಿಚ್ಚುತ್ತಿದ್ದರು. ಒಂದು ಭಾನುವಾರ ಅದು ಓಡುತ್ತಾ ಓಡುತ್ತಾ ಗೂಡಿನ ಕಡೆ ಹೋಯಿತು. ಕಾವಿಗೆ ಕೂತಿದ್ದ ಹಕ್ಕಿ ಮೆಲ್ಲಗೆ ಎದ್ದು, ತಲೆ ತಗ್ಗಿಸಿ ಸ್ವಲ್ಪ ದೂರ ನಡೆದು, ಆಮೇಲೆ ಹಾರಿ ಕೂಗಿಕೊಂಡಿತು. ಇನ್ನೊಂದು ಎಲ್ಲಿತ್ತೋ, ಅದೂ ಬಂತು. ಎರಡೂ ನಾಯಿಯ ತಲೆಗೆ ತಾಗುವ ಹಾಗೆ ಎರಗಿ ಎರಗಿ ಹಾರಿದವು. ನಾಯಿಗೆ ಮಜಾ ಬಂತು. ಆಗ ಒಂದು ಹಕ್ಕಿ ನೆಲಕ್ಕೆ ಇಳಿದು, ರೆಕ್ಕೆ ಮುರಿದ ಹಾಗೆ ಎಳೆದುಕೊಂಡು ಕುಂಟಿತು. ಅದು ನಾಟಕ. 'ನನ್ನನ್ನು ಹಿಡಿ, ಮೊಟ್ಟೆ ಕಡೆ ಹೋಗಬೇಡ' ಅಂತ. ನಾಯಿ ಅದರ ಹಿಂದೆ ಓಡಿತು, ಹಕ್ಕಿ ಹಾರಿತು, ಮತ್ತೆ ಇಳಿಯಿತು, ಮತ್ತೆ ಕುಂಟಿತು. ಆ ಮಹಾಶಯರು ಮೊಬೈಲ್ ತೆಗೆದು ವಿಡಿಯೋ ಮಾಡುತ್ತಾ ನಗುತ್ತಿದ್ದರು. 'ನೋಡಿ ಮೇಡಂ, ಹಕ್ಕಿ ನಮ್ಮ ನಾಯಿ ಜತೆ ಆಟ ಆಡ್ತಿದೆ' ಅಂದರು.

ಅದು ಆಟ ಅಲ್ಲ. ಮರಿಗಳಿಗಾಗಿ ತನ್ನ ಪ್ರಾಣವನ್ನೇ ಮುಂದಿಡುತ್ತಿರುವ ತಾಯಿ ಅದು, ನಾಯಿಯನ್ನು ಕರೆಯಿರಿ ಅಂದೆ. ಅವರು ಕರೆದರು. ನಾಯಿ ಬರಲಿಲ್ಲ. ಮತ್ತೆ ಕರೆದರು, ಬಿಸ್ಕತ್ತು ತೋರಿಸಿದರು, ಸಿಳ್ಳೆ ಹಾಕಿದರು. ಹಕ್ಕಿ ಕಣ್ಣ ಮುಂದೆ ಕುಂಟುತ್ತಿರುವಾಗ ಯಾವ ನಾಯಿಗೆ ಬಿಸ್ಕತ್ತು ಬೇಕು? ಎರಡೂ ಹಕ್ಕಿಗಳು ನಾಯಿಯ ಹಿಂದೆ ಬಿದ್ದು ದೂರ ಹೋದವು. ಗೂಡು ಖಾಲಿ. ಹೊಂಗೆ ಮರದ ಮೇಲೆ ಕೂತಿದ್ದ ಕಾಗೆಗಳು ಇಷ್ಟು ಹೊತ್ತೂ ನೋಡುತ್ತಲೇ ಇದ್ದವು. ಒಂದು ಇಳಿಯಿತು, ಅದರ ಹಿಂದೆ ಮತ್ತೊಂದು. ನಾನು ಎದ್ದು ಓಡಿ ಮುಟ್ಟುವಷ್ಟರಲ್ಲಿ ಚಿಪ್ಪು ಮಾತ್ರ ಉಳಿದಿತ್ತು.

ಅವರಿಗೆ ಕರೆದು ತೋರಿಸಿದೆ. ಅವರು ಏನಂದರು ಗೊತ್ತಾ? 'ನಮ್ಮ ನಾಯಿ ಮುಟ್ಟಲೇ ಇಲ್ಲವಲ್ಲ ಮೇಡಂ. ಕಾಗೆ ತಿಂದರೆ ನಾನೇನು ಮಾಡಲಿ?'

ಕೇಳುಗರೇ, ಈ ಪ್ರಶ್ನೆಗೆ ಉತ್ತರ ಹೇಳುವುದಕ್ಕೇ ನಾನು ಇವತ್ತು ಬಂದದ್ದು. ಕಾಗೆ ಅಲ್ಲಿ ದಿನಾ ಇತ್ತು. ಇಷ್ಟು ದಿನ ಯಾಕೆ ತಿನ್ನಲಿಲ್ಲ? ಕಾಗೆ ಹತ್ತಿರ ಬಂದರೆ ಟಿಟ್ಟಿಭಗಳು ಓಡಿಸುತ್ತಿದ್ದವು. ಒಂದು ಗೂಡಲ್ಲಿ, ಒಂದು ಕಾವಲಿಗೆ. ನಾಯಿ ಬಂದು ಆ ಕಾವಲನ್ನು ಒಡೆಯಿತು. ನಾಯಿ ಹಕ್ಕಿಯನ್ನು ಹಿಡಿಯಬೇಕಾಗಿಲ್ಲ, ಮೊಟ್ಟೆ ತಿನ್ನಬೇಕಾಗಿಲ್ಲ. ಸುಮ್ನೆ ಸಂತೋಷವಾಗಿ ಒಂದು ಸುತ್ತು ಓಡಿದರೆ ಸಾಕು. ತಾಯಿ ಏಳುತ್ತದೆ. ಆಮೇಲೆ ಕಾಗೆ ಇಲ್ಲವೇ ಬಿಸಿಲು ಉಳಿದ ಕೆಲಸ ಮುಗಿಸುತ್ತದೆ. ಅದಕ್ಕೇ ಚೈನು ಬಿಚ್ಚಬೇಡಿ ಅನ್ನುವುದು.

ಮೊಟ್ಟೆ ಒಡೆದು ಮರಿ ಬಂದ ಮೇಲೂ ಅಷ್ಟೇ. ಟಿಟ್ಟಿಭದ ಮರಿ ಹುಟ್ಟಿದ ದಿನವೇ ಓಡಾಡುತ್ತದೆ, ಆದರೆ ಹಾರಲು ಬಾರದು. ತಾಯಿ ಎಚ್ಚರಿಕೆಯ ಕೂಗು ಹಾಕಿದರೆ ನೆಲಕ್ಕೆ ಅಂಟಿಕೊಂಡು ಅಲ್ಲಾಡದೆ ಕೂರುತ್ತದೆ. ಗಿಡುಗನ ಕಣ್ಣು ತಪ್ಪಿಸಲು ಅದು ಸಾಕು. ನಾಯಿ ಹುಡುಕುವುದು ಕಣ್ಣಿನಿಂದ ಅಲ್ಲವಲ್ಲ, ಮೂಗಿನಿಂದ. ಅಲ್ಲಾಡದೆ ಕೂತ ಮರಿ ಅದಕ್ಕೆ ಸುಲಭದ ತುತ್ತು.

'ನಮ್ಮ ನಾಯಿ ಬಹಳ ಸಾಧು' ಅಂತ ಕ್ಲಿನಿಕ್‌ಗೆ ಬಂದವರೆಲ್ಲ ಹೇಳುತ್ತಾರೆ. ಒಪ್ಪುತ್ತೇನೆ. ಸಾಧುತನದ ಪ್ರಶ್ನೆಯೇ ಅಲ್ಲ ಇದು. ಓಡುವುದನ್ನು ಅಟ್ಟಿಸಿಕೊಂಡು ಹೋಗುವುದು ನಾಯಿಯ ರಕ್ತದಲ್ಲಿದೆ. ನಮ್ಮ ಮುಧೋಳ ನಾಯಿಯನ್ನೇ ನೋಡಿ. ದೂರದಲ್ಲಿ ಏನೋ ಅಲ್ಲಾಡಿದ್ದನ್ನು ಕಂಡು ಬಾಣದ ಹಾಗೆ ಓಡಲೆಂದೇ ತಲೆತಲಾಂತರದಿಂದ ಬೆಳೆಸಿದ ತಳಿ. ಓಟ ಶುರುವಾದ ಮೇಲೆ ನೀವು ಹೆಸರು ಹಿಡಿದು ಕೂಗಿದರೆ ಅದಕ್ಕೆ ಕೇಳಿಸೀತೇ? ತಪ್ಪು ನಾಯಿಯದಲ್ಲ. ಚೈನು ಇರುವುದು ನಮ್ಮ ಕೈಯಲ್ಲಿ.

ಇನ್ನೊಂದು ಮಾತು ಬರುತ್ತದೆ. 'ಬೀದಿನಾಯಿಗಳು ಎಷ್ಟಿವೆ, ಅವಕ್ಕೆ ಯಾರು ಚೈನು ಹಾಕುತ್ತಾರೆ?' ಅಂತ. ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಬೀದಿನಾಯಿಗಳಿಂದಲೂ ತೊಂದರೆ ಇದೆ, ಅವುಗಳಿಗೆ ಸಂತಾನಹರಣ ಆಗಬೇಕು, ಲಸಿಕೆ ಆಗಬೇಕು, ಕೆರೆ ಪಕ್ಕ ಕಸ ಸುರಿಯುವುದು ನಿಲ್ಲಬೇಕು. ಅದು ಊರೆಲ್ಲ ಸೇರಿ ಮಾಡುವ ಕೆಲಸ. ನಿಮ್ಮ ನಾಯಿಯ ಚೈನು ಹಿಡಿಯುವುದು ನೀವೊಬ್ಬರೇ ಮಾಡುವ ಕೆಲಸ, ಇವತ್ತು ಸಂಜೆಯಿಂದಲೇ.

ಸಮಯ ಓಡುತ್ತಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಹಕ್ಕಿ ಮಾತ್ರ ಅಲ್ಲ. ನಮ್ಮ ಪಾರ್ಕುಗಳಲ್ಲಿ ಮುಂಗುಸಿ ಇದೆ, ಪುನುಗುಬೆಕ್ಕು ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕಾಡುಪಾಪ ಕೂಡ ಇದೆ, ರಾತ್ರಿ ಓಡಾಡುವ ಆ ದುಂಡುಗಣ್ಣಿನ ಪುಟ್ಟ ಪ್ರಾಣಿ. ಅದು ಕೊಂಬೆಯಿಂದ ಕೊಂಬೆಗೆ ನಡೆದೇ ಹೋಗಬೇಕು, ಕೋತಿಯ ಹಾಗೆ ಜಿಗಿಯಲಾರದು. ನಾವು ಮರ ಕಡಿದು ಕೊಂಬೆಗಳ ಸಾಲು ತುಂಡಾದಾಗ ನೆಲಕ್ಕೆ ಇಳಿಯುತ್ತದೆ. ನೆಲದ ಮೇಲೆ ಅದರ ನಡಿಗೆ ಬಹಳ ನಿಧಾನ. ಆಗ ನಾಯಿ ಎದುರಾದರೆ ಅದರ ಕಥೆ ಮುಗಿಯಿತು.

ರೋಗದ ವಿಷಯ. ನಾಯಿಗಳ ಡಿಸ್ಟೆಂಪರ್ ವೈರಸ್ ಮುಂಗುಸಿಗೂ ಪುನುಗುಬೆಕ್ಕಿಗೂ ಹರಡಬಲ್ಲದು. ತಾಂಜಾನಿಯಾದ ಸೆರೆಂಗೆಟಿಯಲ್ಲಿ 1994ರಲ್ಲಿ ಇದೇ ರೋಗಕ್ಕೆ ಸಿಂಹಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಸತ್ತುಹೋದವು. ಸಿಂಹವನ್ನೇ ಕೊಲ್ಲುವ ರೋಗ ಇದು. ವರ್ಷದ ಲಸಿಕೆ ತಪ್ಪಿಸಬೇಡಿ.

ಚೈನು ಹಾಕಿದರೆ ಎಲ್ಲಿ ಬೇಕಾದರೂ ನುಗ್ಗಬಹುದು ಅಂತಲೂ ಅಲ್ಲ. ಆಸ್ಟ್ರೇಲಿಯಾದ ಸಿಡ್ನಿ ಸುತ್ತಲಿನ ಕಾಡುದಾರಿಗಳಲ್ಲಿ ನಡೆಸಿದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಚೈನು ಹಾಕಿದ ನಾಯಿಯೊಂದಿಗೆ ಜನ ನಡೆದುಹೋದಾಗಲೂ ಅಲ್ಲಿ ಕಂಡ ಹಕ್ಕಿಗಳ ಸಂಖ್ಯೆ ಶೇಕಡಾ 41ರಷ್ಟು ಇಳಿದಿತ್ತು. ಹಾಗಾದರೆ ಚೈನಿಲ್ಲದೆ ಓಡಿದರೆ ಏನಾದೀತು? ಆದ್ದರಿಂದ ವಾಕಿಂಗ್ ದಾರಿಯಲ್ಲೇ ನಡೆಯಿರಿ. ಜೊಂಡಿನೊಳಗೆ, ಎತ್ತರದ ಹುಲ್ಲಿನೊಳಗೆ ನಾಯಿಯನ್ನು ಇಳಿಸಬೇಡಿ.

2022ರಲ್ಲಿ ಕಬ್ಬನ್ ಪಾರ್ಕಿಗೆ ಸಾಕುನಾಯಿಗಳೇ ಬರಬಾರದು ಅನ್ನುವ ಮಾತು ಎದ್ದಿತ್ತು. ನಾಯಿ ಸಾಕಿದವರು ಜೋರಾಗಿ ವಿರೋಧಿಸಿದರು, ನಿಷೇಧ ಬರಲಿಲ್ಲ. ಒಳ್ಳೆಯದೇ ಆಯಿತು, ನಾಯಿಗೂ ಮರದ ನೆರಳು ಬೇಕು. ಆದರೆ ಆ ದೂರುಗಳಲ್ಲಿ ಚೈನಿಲ್ಲದೆ ಬಿಟ್ಟ ನಾಯಿಗಳ ದೂರೂ ಇತ್ತು. ಪಾರ್ಕಿನ ಬಾಗಿಲು ನಾಯಿಗಳಿಗೆ ತೆರೆದೇ ಇರಬೇಕಾದರೆ ಚೈನು ಬಿಚ್ಚಬೇಡಿ.

'ಹಾಗಾದರೆ ನಮ್ಮ ನಾಯಿ ಓಡುವುದೇ ಬೇಡವೇ?' ಅಂತ ನೀವು ಕೇಳುತ್ತೀರಿ. ಖಂಡಿತ ಓಡಬೇಕು. ಬೇಲಿ ಹಾಕಿದ ನಾಯಿ ಪಾರ್ಕು ಇದ್ದರೆ ಅಲ್ಲಿ ಬಿಡಿ. ಇಲ್ಲದಿದ್ದರೆ ಹತ್ತು ಮೀಟರ್ ಉದ್ದದ ಹಗ್ಗ ತೆಗೆದುಕೊಳ್ಳಿ. ದನಕ್ಕೆ ಕಟ್ಟುವ ಹತ್ತಿ ಹಗ್ಗವಾದರೂ ಸರಿ, ದುಬಾರಿಯದು ಬೇಕಿಲ್ಲ. ಅದನ್ನು ಕುತ್ತಿಗೆಪಟ್ಟಿಗೆ ಕಟ್ಟಬೇಡಿ, ಎದೆಪಟ್ಟಿಗೆ ಕಟ್ಟಿ. ಜೋರಾಗಿ ಓಡಿ ಹಗ್ಗ ಜಗ್ಗಿದಾಗ ಕುತ್ತಿಗೆಗೆ ಪೆಟ್ಟಾಗಬಾರದು. ನೀವು ಕೈಗವಸು ಹಾಕಿಕೊಳ್ಳಿ, ಇಲ್ಲದಿದ್ದರೆ ಅಂಗೈ ಸುಲಿದುಹೋಗುತ್ತದೆ. ಬಯಲಿಗೆ ಕಾಲಿಡುವ ಮೊದಲು ಒಂದು ನಿಮಿಷ ನಿಂತು ಕೇಳಿ. ತಲೆಯ ಮೇಲೆ ಟಿಟ್ಟಿಭ ಸುತ್ತು ಹಾಕುತ್ತಾ ಕೂಗುತ್ತಿದ್ದರೆ ಗೂಡು ಹತ್ತಿರದಲ್ಲೇ ಇದೆ ಅಂತ ತಿಳಿಯಿರಿ. ಅಲ್ಲಿಂದಲೇ ತಿರುಗಿ, ಬಂದ ದಾರಿಯಲ್ಲೇ ವಾಪಸ್ಸು ಹೋಗಿ.

ನಮಸ್ಕಾರ.