ನಿಮ್ಮಲ್ಲಿ ಏರೋಟರ್ ಎಷ್ಟಿವೆ, ಡಾಕ್ಟ್ರೇ?

ನಮಸ್ಕಾರ. ಹಲ್ಲು ತೋರಿಸಲು ಹೋದಾಗ ನಾವು ಏನನ್ನು ನೋಡುತ್ತೇವೆ? ನೆಲ ಹೊಳೆಯುತ್ತಿದೆಯೇ, ಎಸಿ ಇದೆಯೇ, ಡಾಕ್ಟರು ಹೊಸ ಗ್ಲೌಸ್ ಹಾಕಿಕೊಂಡರೇ. ಇಷ್ಟಾದರೆ "ಭಾರೀ ಕ್ಲೀನ್ ಮಾರಾಯ್ರೆ" ಅಂತ ಬಿಲ್ಡಿಂಗಿನವರಿಗೆಲ್ಲ ಹೇಳಿ ಬರುತ್ತೇವೆ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮಲ್ಲಿ ಏರೋಟರ್ ಎಷ್ಟಿವೆ?

ಏರೋಟರ್ ಅಂದರೆ ಹಲ್ಲು ಕೊರೆಯುವಾಗ ಕೊಂಯ್ ಅನ್ನುತ್ತದಲ್ಲ, ಅದೇ. ನಿಮಿಷಕ್ಕೆ 3 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಪೆಡಲ್ ಬಿಟ್ಟು ಅದು ನಿಲ್ಲುವ ಕ್ಷಣದಲ್ಲಿ ಬಾಯೊಳಗಿನ ಎಂಜಲು, ರಕ್ತ ಒಂದಿಷ್ಟು ಅದರ ತಲೆಯೊಳಕ್ಕೆ ಹೋಗಬಹುದು. ಸ್ಪಿರಿಟ್ ಹತ್ತಿಯಲ್ಲಿ ಹೊರಮೈ ಒರೆಸಿದರೆ ಒಳಗಿನ ಟರ್ಬೈನಿಗಾಗಲಿ ಕೂದಲೆಳೆಯಂಥ ನೀರಿನ ದಾರಿಗಾಗಲಿ ಏನೂ ಮುಟ್ಟುವುದಿಲ್ಲ. ಹಾಗಾಗಿ ಒಬ್ಬರಿಗೆ ಬಳಸಿದ್ದು ಆಟೋಕ್ಲೇವ್ (ಒತ್ತಡದ ಆವಿಯಲ್ಲಿ ಕೀಟಾಣು ಕೊಲ್ಲುವ ಯಂತ್ರ) ಕಾಣದೆ ಇನ್ನೊಬ್ಬರ ಬಾಯಿಗೆ ಹೋಗಬಾರದು. ಇದು ಡಾಕ್ಟರಿಗೆ ಗೊತ್ತಿಲ್ಲದ ವಿಷಯವೇನಲ್ಲ. ತಪ್ಪುವುದು ಲೆಕ್ಕದಲ್ಲಿ.

ಮುಂಬೈಯ ಮುಲುಂಡ್, ಘಾಟ್‌ಕೋಪರ್ ಕಡೆಯ ಒಂದು ಕುರ್ಚಿಯ ಕ್ಲಿನಿಕ್ ಅಂದುಕೊಳ್ಳಿ. ಆಫೀಸು ಬಿಟ್ಟು ಲೋಕಲ್ ಇಳಿದು ಬರುವವರೆಲ್ಲ ಸಂಜೆ 6ರಿಂದ 9ರೊಳಗೇ ಬರಬೇಕು. ಒಬ್ಬೊಬ್ಬರಿಗೆ 20 ನಿಮಿಷ ಅಂದರೂ ಗಂಟೆಗೆ 3 ಜನ. ಬಳಸಿದ ಏರೋಟರನ್ನು ತೊಳೆದು, ಒಣಗಿಸಿ, ಎಣ್ಣೆ ಹಾಕಿ, ಪೌಚಿಗೆ ತುಂಬಲು ಸುಮಾರು 15 ನಿಮಿಷ. ಆಟೋಕ್ಲೇವ್ ಬಿಸಿಯೇರಿ, ಕೆಲಸ ಮುಗಿಸಿ, ಒಣಗಿಸಿ ಕೊಡಲು ಮುಕ್ಕಾಲು ಗಂಟೆ. ಅಲ್ಲಿಗೇ ಒಂದು ಗಂಟೆ. ಒಂದೊಂದು ತುಂಡಿಗೂ ಬೇರೆ ಬೇರೆ ಓಡಿಸಲು ಆಗುವುದಿಲ್ಲ, ಗಂಟೆಗೊಂದು ಸಲ ಎಂದರೂ ಮೊದಲ ಏರೋಟರ್ ಕೈಗೆ ಮರಳುವಾಗ 2 ಗಂಟೆ ಕಳೆದಿರುತ್ತದೆ. ಅಷ್ಟರಲ್ಲಿ 6 ಜನ ಕುರ್ಚಿ ಹತ್ತಿ ಇಳಿದಿರುತ್ತಾರೆ. ಅಂದರೆ 6 ಏರೋಟರ್, ಮೇಲೆ ಕೆಟ್ಟುಹೋದರೆ ಅಂತ ಒಂದು. ಇರುವುದು ಎರಡೇ ಆದರೆ ಮೂರನೆಯವರ ಬಾಯಿಗೆ ಹೋದದ್ದು ಯಾವುದು? ಸ್ಪಿರಿಟ್ಟಿನಲ್ಲಿ ಒರೆಸಿದ್ದು.

ಮುಂಬೈಯಲ್ಲಿ ಉಡುಪಿ ಹೋಟೆಲ್ ನಡೆಸಿದವರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ತಟ್ಟೆ ಕಡಿಮೆ ಬಿದ್ದರೆ ತೊಳೆಯುವ ಹುಡುಗ ಏನು ಮಾಡುತ್ತಾನೆ? ನೀರಲ್ಲಿ ಅದ್ದಿ ಎತ್ತಿ ಕಳಿಸುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ, ತಟ್ಟೆ ತರಬೇಕಾದವರು ಗಲ್ಲೆಯಲ್ಲಿ ಕೂತಿದ್ದಾರೆ. ಸೀಲಿಂಗಿಗೆ ಬಣ್ಣದ ಲೈಟು, ರಿಸೆಪ್ಷನ್ನಿಗೆ ಟಿವಿ ಹಾಕಿಸುವ ಮೊದಲು ಆ ದುಡ್ಡಿಗೆ ಇನ್ನೆರಡು ಏರೋಟರ್ ತನ್ನಿ ಅಂತ ನಾನು ಹೇಳುವುದು ಇದಕ್ಕೇ.

ಇನ್ನು ಆಟೋಕ್ಲೇವ್. ಕುಕ್ಕರಿಗೆ ಮುಚ್ಚಳ ಹಾಕಿದ ಕೂಡಲೇ ವೆಯ್ಟ್ ಇಡುವುದಿಲ್ಲ, ಆವಿ ಭರ್ರನೆ ಬರಲಿ ಅಂತ ಕಾಯುತ್ತೇವೆ. ಒಳಗಿನ ಗಾಳಿ ಹೊರಗೆ ಹೋಗಲಿ ಅಂತ ಅದು. ಆಟೋಕ್ಲೇವಿನ ಜೀವವೂ ಅದರಲ್ಲೇ ಇದೆ. ಗಾಳಿ ಉಳಿದ ಜಾಗಕ್ಕೆ ಆವಿ ಹೋಗುವುದಿಲ್ಲ. ಗೇಜಿನಲ್ಲಿ ಒತ್ತಡ ಸರಿಯಾಗಿ ಕಂಡರೂ ಅಲ್ಲಿ ಶಾಖ ಕಡಿಮೆ. ಏರೋಟರಿನಂಥ ಟೊಳ್ಳು ಸಲಕರಣೆಯೊಳಗೆ ಸಿಕ್ಕಿಬಿದ್ದ ಗಾಳಿ ತಾನಾಗಿ ಬರುವುದಿಲ್ಲ, ಅದನ್ನು ವ್ಯಾಕ್ಯೂಮ್ ಪಂಪು ಎಳೆಯಬೇಕು. ಆ ಪಂಪು ಇರುವುದು ಬಿ ಕ್ಲಾಸ್ ಯಂತ್ರಕ್ಕೆ. ಅದರಲ್ಲಿ 134 ಡಿಗ್ರಿಗೆ 3ರಿಂದ 4 ನಿಮಿಷ ಸಾಕು. ಪಂಪಿಲ್ಲದ ಕುಕ್ಕರ್ ಮಾದರಿಯಲ್ಲಿ ಪ್ಯಾಕ್ ಮಾಡಿದ ಗಟ್ಟಿ ಸಲಕರಣೆಗೆ 121 ಡಿಗ್ರಿಯಲ್ಲಿ 30 ನಿಮಿಷ ಬೇಕು, ಅದೂ ಶಾಖ ಅಲ್ಲಿಗೆ ಮುಟ್ಟಿದ ಮೇಲಿನ ಲೆಕ್ಕ. ಸ್ವಿಚ್ ಹಾಕಿದ ಗಳಿಗೆಯಿಂದ ಎಣಿಸುವವರಿದ್ದಾರೆ. ಪೌಚುಗಳನ್ನು ಒಂದರ ಮೇಲೊಂದು ಹೇರಿದರೂ ಕೆಲಸ ಕೆಡುತ್ತದೆ. ಇಡ್ಲಿ ತಟ್ಟೆಗೆ ತೂತು ಯಾಕೆ ಇಟ್ಟಿದ್ದಾರೆ ಅಂತ ನೆನೆಸಿಕೊಂಡರೆ ಸಾಕು.

ಪೌಚಿನ ಮೇಲಿನ ಗುರುತು ಬಣ್ಣ ತಿರುಗಿದರೆ ಎಲ್ಲ ಸರಿ ಅಂತ ಒಂದು ನಂಬಿಕೆ. ಅದು ಹೇಳುವುದು ಈ ಪೌಚು ಆಟೋಕ್ಲೇವಿನೊಳಗೆ ಹೋಗಿ ಬಂತು ಅಂತ ಮಾತ್ರ. ಕೀಟಾಣು ಸತ್ತವೋ ಇಲ್ಲವೋ ತಿಳಿಯಲು ವಾರಕ್ಕೊಮ್ಮೆ ಸ್ಪೋರ್ ಟೆಸ್ಟ್ ಇಡಬೇಕು. ಶಾಖಕ್ಕೆ ಸುಲಭದಲ್ಲಿ ಬಗ್ಗದ ಜಿಯೋಬ್ಯಾಸಿಲಸ್ ಬ್ಯಾಕ್ಟೀರಿಯಾದ ಬೀಜಕಗಳಿರುವ ಸಣ್ಣ ವಯಲ್ ಅದು. ಸಾಮಾನುಗಳ ನಡುವೆ ಇಟ್ಟು ಓಡಿಸಿ, ಆಮೇಲೆ ಇನ್‌ಕ್ಯುಬೇಟರಿನಲ್ಲಿ ಒಂದೆರಡು ದಿನ ಇಡುವುದು. ಸಾಮಾನ್ಯವಾಗಿ ಸಿಗುವ ವಯಲಿನಲ್ಲಿ ನೇರಳೆ ನೇರಳೆಯಾಗಿಯೇ ಉಳಿದರೆ ಪಾಸು, ಹಳದಿಯಾದರೆ ಫೇಲು. ಜೊತೆಗೆ ಆಟೋಕ್ಲೇವಿಗೆ ಹಾಕದ ಇನ್ನೊಂದು ವಯಲ್ ಇಡಬೇಕು, ಅದು ಹಳದಿ ಆಗಲೇಬೇಕು. ಆಗದಿದ್ದರೆ ಟೆಸ್ಟೇ ಸುಳ್ಳು.

ನೀಲಿ ದೀಪದ ಯುವಿ ಪೆಟ್ಟಿಗೆ ಬಗ್ಗೆ ಒಂದೇ ಮಾತು: ಅದು ಸಲಕರಣೆ ಇಡುವ ಕಪಾಟು, ಅಷ್ಟೇ. ಬೆಳಕು ಬೀಳದ ಮಗ್ಗುಲಿಗೆ ಅದರಿಂದ ಏನೂ ಆಗುವುದಿಲ್ಲ.

ಮುಂಬೈ ಮಳೆಗಾಲದ ತಾಪತ್ರಯ ಬೇರೆ. ಹಸಿ ಪೌಚನ್ನೇ ತೆಗೆದು ಡ್ರಾಯರಿಗೆ ಹಾಕಿದರೆ ಒದ್ದೆ ಕಾಗದ ಹೊರಗಿನ ಬ್ಯಾಕ್ಟೀರಿಯಾವನ್ನು ಬತ್ತಿಯ ಹಾಗೆ ಒಳಕ್ಕೆ ಎಳೆಯುತ್ತದೆ. ಗೋಡೆಯ ತೇವ ತಗಲಿದ ಪೌಚಿಗೂ ಅದೇ ಗತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿಸುವ ಸಮಯ ಹೆಚ್ಚಿಸಿ, ನೆನೆದದ್ದನ್ನು ಮತ್ತೆ ಮೊದಲಿಂದ ಮಾಡಿ.

ಈಗ ಯಾರೂ ಮಾತಾಡದ ವಸ್ತುವಿಗೆ ಬರೋಣ. ಮರಗಟ್ಟಿಸುವ ಮದ್ದು, ಲಿಗ್ನೊಕೇಯ್ನ್. ನಮ್ಮಲ್ಲಿ ಹೆಚ್ಚಾಗಿ 30 ಎಂಎಲ್ ಬಾಟಲಿ, ಹತ್ತಾರು ಜನಕ್ಕೆ ಒಂದೇ. ಇಂಜೆಕ್ಷನ್ ಕೊಟ್ಟ ಮೇಲೂ ನೋವು ಅನ್ನುತ್ತಾರೆ, ಇನ್ನೊಂದು ಎಂಎಲ್ ಬೇಕು. ಆಗ ಅದೇ ಸಿರಿಂಜಿಗೆ ಹೊಸ ಸೂಜಿ ಹಾಕಿ ಬಾಟಲಿಗೆ ಚುಚ್ಚುತ್ತಾರೆ. ಸೂಜಿ ಹೊಸದೇ, ಆದರೆ ರಕ್ತ ಹಿಂದಕ್ಕೆ ಬಂದು ಸೇರುವುದು ಸಿರಿಂಜಿನ ಒಳಗೆ. ಅಲ್ಲಿಂದ ಬಾಟಲಿಗೆ, ಬಾಟಲಿಯಿಂದ ಉಳಿದ ಹತ್ತು ಜನಕ್ಕೆ. ಎರಡನೇ ಸಲಕ್ಕೂ ಸಿರಿಂಜ್, ಸೂಜಿ ಎರಡೂ ಹೊಸದೇ ಬೇಕು. ರಬ್ಬರ್ ಮುಚ್ಚಳವನ್ನು ಪ್ರತಿ ಸಲವೂ ಸ್ಪಿರಿಟ್ಟಿನಲ್ಲಿ ಒರೆಸಬೇಕು, ತೆರೆದ ದಿನಾಂಕ ಬರೆದು 28 ದಿನಕ್ಕೆ ಬಿಸಾಡಬೇಕು. 1.8 ಎಂಎಲ್ ಕಾರ್ಟ್ರಿಜ್ ಬಳಸಿದರೆ ಈ ರಗಳೆಯೇ ಇಲ್ಲ, ಒಬ್ಬರಿಗೆ ತೆರೆದದ್ದು ಅವರಿಗೇ ಮುಗಿಯಿತು.

ಸಲೈನ್ ಬಾಟಲಿಯದ್ದೂ ಅದೇ ಕಥೆ. 2023ರಲ್ಲಿ ತಮಿಳುನಾಡಿನ ವಾಣಿಯಂಬಾಡಿಯ ಒಂದು ದಂತ ಕ್ಲಿನಿಕ್ಕಿಗೆ ಹೋಗಿ ಬಂದವರಿಗೆ ಮೆಲಿಯಾಯ್ಡೋಸಿಸ್ (ಮಣ್ಣು, ನೀರಿನಲ್ಲಿರುವ ಬ್ಯಾಕ್ಟೀರಿಯಾದ ಸೋಂಕು) ತಗಲಿ ಮಿದುಳಿಗೇರಿತು, 8 ಜನ ಸತ್ತರು. ತನಿಖೆಯ ಬೆರಳು ಹೋಗಿ ನಿಂತದ್ದು ಸಲೈನ್ ಬಾಟಲಿಯ ಮೇಲೆ. ವಸಡು ಬಿಡಿಸುವ ಎಲಿವೇಟರ್ ಎಂಬ ಸಲಕರಣೆಯಲ್ಲೇ ಬಾಟಲಿಯ ಬಾಯಿ ತೆರೆದು, ಹತ್ತಿ ತುರುಕಿ ಇಟ್ಟು, ಮತ್ತೆ ಮತ್ತೆ ಬಳಸುತ್ತಿದ್ದರು. ಉಳಿಸಲು ಹೋದದ್ದು ಒಂದಿಷ್ಟು ಸಲೈನಿನ ದುಡ್ಡು. ಚಿಕ್ಕ ಬಾಟಲಿ ತರಿಸಿ, ಉಳಿದದ್ದನ್ನು ಚೆಲ್ಲಿಬಿಡಿ.

ಕುರ್ಚಿಯ ಪೈಪಿನಿಂದ ಏರೋಟರಿಗೆ ಬರುವ ನೀರಿಗೂ ಒಂದಿಷ್ಟು ಗಮನ ಬೇಕು. ಸೊಸೈಟಿ ಟ್ಯಾಂಕಿನ ನೀರು ನೇರ ಬರುತ್ತಿದ್ದರೆ ಬಿಡಿಸಿ, ಕುರ್ಚಿಗೇ ಬೇರೆ ನೀರಿನ ಬಾಟಲಿ ಹಾಕಿಸಿ. ಭಾನುವಾರ ನಿಂತ ನೀರು ಆ ಸಪೂರ ಪೈಪಿನೊಳಗೆ ಲೋಳೆಗಟ್ಟುತ್ತದೆ, ಸೋಮವಾರ ಮೊದಲು 2 ನಿಮಿಷ ಸುಮ್ಮನೆ ಹರಿಸಿ, ಆಮೇಲೆ ಪ್ರತಿ ರೋಗಿಯ ನಡುವೆ 20ರಿಂದ 30 ಸೆಕೆಂಡ್. ಹರಿಸಿದ ಮಾತ್ರಕ್ಕೆ ಲೋಳೆ ಹೋಗುವುದಿಲ್ಲ, ಅದಕ್ಕೆ ಪೈಪ್ ತೊಳೆಯುವ ಮದ್ದೇ ಬೇಕು. ಒಂದು ಎಂಎಲ್‌ನಲ್ಲಿ 500 ಸಿಎಫ್‌ಯು (ಬೆಳೆಯಬಲ್ಲ ಬ್ಯಾಕ್ಟೀರಿಯಾಗಳ ಎಣಿಕೆ) ಒಳಗಿರಬೇಕು ಎಂಬುದು ಮಿತಿ. ಎಲುಬು ಕೊರೆಯುವ ಕೆಲಸಕ್ಕೆ ಈ ನೀರು ಬೇಡವೇ ಬೇಡ, ಸ್ಟೆರೈಲ್ ಸಲೈನೇ ಆಗಬೇಕು.

ಕೊನೆಗೆ ಒಳಗಿನ ಕೋಣೆಯಲ್ಲಿ ಇದನ್ನೆಲ್ಲ ತೊಳೆಯುವ ಅಸಿಸ್ಟೆಂಟ್. ರಕ್ತ ಒಣಗಿದರೂ ಹೆಪಟೈಟಿಸ್ ಬಿ ವೈರಸ್ 7 ದಿನ ಬದುಕಿರಬಲ್ಲದು. ಪರೀಕ್ಷೆಗೆ ಹಾಕುವ ತೆಳು ಗ್ಲೌಸಿನಲ್ಲಿ ಚೂಪು ಸಲಕರಣೆ ತಿಕ್ಕಿಸಬೇಡಿ, ಪಾತ್ರೆ ತೊಳೆಯುವಂಥ ದಪ್ಪ ರಬ್ಬರ್ ಗ್ಲೌಸ್ ಕೊಡಿ. ಬಳಸಿದ ಸೂಜಿಗೆ ಅವರ ಕೈಯಿಂದ ಕ್ಯಾಪ್ ಹಾಕಿಸಬೇಡಿ, ಚುಚ್ಚಿದವರೇ ನೀಡಲ್ ಕಟ್ಟರಿಗೆ ಹಾಕಲಿ. ಸೊನ್ನೆ, ಒಂದು, ಆರನೇ ತಿಂಗಳು, ಹೀಗೆ ಮೂರು ಡೋಸ್ ಹೆಪಟೈಟಿಸ್ ಬಿ ಲಸಿಕೆ ಕ್ಲಿನಿಕ್ಕಿನ ಖರ್ಚಿನಲ್ಲೇ ಆಗಲಿ. ಮೂರನೇ ಡೋಸ್ ಆಗಿ ಒಂದೆರಡು ತಿಂಗಳಿಗೆ ಟೈಟರ್ (ಲಸಿಕೆ ಹಿಡಿದಿದೆಯೇ ಅಂತ ತಿಳಿಸುವ ರಕ್ತ ಪರೀಕ್ಷೆ) ನೋಡಿಸಿ. 10ಕ್ಕಿಂತ ಕಡಿಮೆ ಬಂದರೆ ಮತ್ತೆ ಮೂರು ಡೋಸ್ ಹಾಕಿಸಿ.